ನೀರು ಬದಲಾಯಿಸಿದರೂ ಕೊಳದ ನೈಟ್ರೇಟ್ ಇಳೀತಾ ಇಲ್ಲ, ಏನು ಮಾಡೋದು?

ನಂದಿತಪ್ಪಲು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಚಿಕ್ಕಬಳ್ಳಾಪುರದ ಹತ್ತಿರ. ಹಿತ್ತಲಲ್ಲಿ ಸಿಮೆಂಟಿನ ಕೊಳ ಇದೆ, ಹೆಚ್ಚುಕಮ್ಮಿ 3000 ಲೀಟರ್. ಐದು ಕೊಯಿ (ಬಣ್ಣದ ದೊಡ್ಡ ಕಾರ್ಪ್ ಮೀನು), ಒಂದಷ್ಟು ಗೋಲ್ಡ್‌ಫಿಶ್. ಹಾಲ್‌ನಲ್ಲಿ 100 ಲೀಟರಿನ ಗಾಜಿನ ಟ್ಯಾಂಕು ಬೇರೆ.

ಕೊಳದ ನೀರು ಹಸಿರು ತಿರುಗಿದೆ. ಬೆಳಗಿನ ಜಾವ ಕೊಯಿಗಳು ಮೇಲೆ ಬಂದು ಬಾಯಿ ಬಿಡ್ತಾ ಇರ್ತವೆ, ಬಿಸಿಲೇರಿದ ಮೇಲೆ ಸರಿಹೋಗ್ತವೆ. ಎಪಿಐ ಕಂಪನಿಯ ನೀರು ಪರೀಕ್ಷೆ ಕಿಟ್ ತರಿಸಿ ನೈಟ್ರೇಟ್ ನೋಡಿದೆ, ರಕ್ತದ ಹಾಗೆ ಕೆಂಪು. ಚಾರ್ಟಿನಲ್ಲಿ (ಲೀಟರಿಗೆ ಮಿಲಿಗ್ರಾಂ ಲೆಕ್ಕ) 80ರ ಬಣ್ಣಕ್ಕೂ 160ರ ಬಣ್ಣಕ್ಕೂ ನನಗಂತೂ ವ್ಯತ್ಯಾಸ ಕಾಣಲ್ಲ. ಅರ್ಧ ನೀರು ಖಾಲಿ ಮಾಡಿ ಬೋರ್‌ವೆಲ್ ನೀರು ಬಿಟ್ಟೆ, ಮಾರನೇ ದಿನ ನೋಡಿದರೆ ಅದೇ ಕೆಂಪು. ನೈಟ್ರೇಟ್ ಇಳಿಸೋ ದ್ರವ ಇದೆ, ಬಾಟಲಿಗೆ ಸಾವಿರದ ಮೇಲಾಗುತ್ತೆ ಅಂತಾರೆ ಅಂಗಡಿಯವರು. ತಗೊಳ್ಳಲಾ?

ಗಪ್ಪಿಗೌಡ

ತಗೋಬೇಡಿ. ಮೊದಲು ಬೋರ್ ನೀರನ್ನೇ ಟೆಸ್ಟ್ ಮಾಡಿ.

ಲ್ಯಾಬ್‌ಮೇಷ್ಟ್ರು

ಗೌಡರ ಮಾತು ಸರಿ. ಆದರೆ ಅದಕ್ಕೂ ಮೊದಲು ಟೆಸ್ಟ್ ಮಾಡೋ ರೀತಿ ನೆಟ್ಟಗಿದೆಯಾ ನೋಡಿಕೊಳ್ಳಿ. ಈ ಕಿಟ್‌ನಲ್ಲಿ ಜನ ಎಡವೋದು ಎರಡನೇ ಬಾಟಲಿ ಹತ್ತಿರ. ನೈಟ್ರೇಟ್‌ಗೆ ನೇರವಾಗಿ ಬಣ್ಣ ಬರಿಸೋದು ಕಷ್ಟ. ಹಾಗಾಗಿ ಮೊದಲು ಅದನ್ನು ನೈಟ್ರೈಟ್ ಆಗಿ ಪರಿವರ್ತಿಸಿ, ಆಮೇಲೆ ಆ ನೈಟ್ರೈಟ್‌ಗೆ ಬಣ್ಣ ಬರಿಸ್ತಾರೆ. ಆ ಪರಿವರ್ತನೆ ಮಾಡೋದು ಸತುವಿನ ಪುಡಿ. ಬಾಟಲಿ ಶೆಲ್ಫಿನಲ್ಲಿ ನಿಂತಷ್ಟೂ ಪುಡಿ ತಳದಲ್ಲಿ ಗಟ್ಟಿಯಾಗಿ ಕೂರುತ್ತೆ. ಸುಮ್ಮನೆ ಒಂದೆರಡು ಸಲ ಅಲ್ಲಾಡಿಸಿ ಹನಿ ಹಾಕಿದರೆ ಬರೀ ತಿಳಿ ದ್ರವ ಬೀಳುತ್ತೆ, ರೀಡಿಂಗ್ ಕಡಿಮೆ ಬರುತ್ತೆ. “ನಮ್ಮ ಟ್ಯಾಂಕಲ್ಲಿ ನೈಟ್ರೇಟ್ ಸೊನ್ನೆ” ಅನ್ನೋರಲ್ಲಿ ಬಹಳ ಜನರ ಕಥೆ ಇದೇ.

5 ಎಂಎಲ್ ನೀರಿಗೆ ಮೊದಲ ಬಾಟಲಿಯಿಂದ 10 ಹನಿ, ಮುಚ್ಚಿ ತಿರುಗಿಸಿ. ಎರಡನೇ ಬಾಟಲಿಯನ್ನು ಕನಿಷ್ಠ 30 ಸೆಕೆಂಡ್ ಜೋರಾಗಿ ಕುಲುಕಿ. ಬಹಳ ದಿನದಿಂದ ತೆಗೆಯದಿದ್ದರೆ ಬಾಟಲಿಯ ಬುಡವನ್ನು ಮೇಜಿಗೆ ಕುಟ್ಟಿ ಪುಡಿ ಬಿಡಿಸಿಕೊಳ್ಳಿ. ಅದರಿಂದ 10 ಹನಿ ಹಾಕಿ, ನಳಿಕೆಯನ್ನು ಪೂರ್ತಿ ಒಂದು ನಿಮಿಷ ಕುಲುಕಿ, 5 ನಿಮಿಷ ಬಿಟ್ಟು ಬಿಳಿ ಹಾಳೆ ಹಿಂದಿಟ್ಟು ಹಗಲು ಬೆಳಕಲ್ಲಿ ನೋಡಿ. ಅರ್ಧ ಗಂಟೆ ಮರೆತು ಆಮೇಲೆ ನೋಡಿದರೆ ಬಣ್ಣ ಇನ್ನೂ ಏರಿರುತ್ತೆ, ಅದನ್ನು ಲೆಕ್ಕಕ್ಕೆ ಹಿಡೀಬೇಡಿ.

80ಕ್ಕೂ 160ಕ್ಕೂ ವ್ಯತ್ಯಾಸ ನಿಮಗೊಬ್ಬರಿಗೆ ಅಲ್ಲ, ಯಾರ ಕಣ್ಣಿಗೂ ಕಾಣಲ್ಲ. ಕೆಂಪಿನ ಕಡೆ ಚಾರ್ಟ್ ಕೆಲಸಕ್ಕೆ ಬಾರದು, ಹಳದಿ–ಕಿತ್ತಳೆ ಕಡೆ ಚೆನ್ನಾಗಿ ಕೆಲಸ ಮಾಡುತ್ತೆ. ಹಾಗಾಗಿ ನೀರನ್ನು ತೆಳು ಮಾಡಿ ಆ ಕಡೆಗೆ ತನ್ನಿ. ಇನ್ವರ್ಟರ್ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಐದು ಲೀಟರ್ ಕ್ಯಾನಿನಲ್ಲಿ ಸಿಗುತ್ತೆ (ಆಸಿಡ್ ಅಲ್ಲ, ಲೇಬಲ್ ನೋಡಿ). ಸಿರಿಂಜ್‌ನಲ್ಲಿ 1 ಎಂಎಲ್ ಕೊಳದ ನೀರು, 4 ಎಂಎಲ್ ಡಿಸ್ಟಿಲ್ಡ್ ನೀರು. ಬಂದ ಸಂಖ್ಯೆಯನ್ನು 5ರಿಂದ ಗುಣಿಸಿ. ಬೋರ್ ನೀರಿಗೂ ಹಾಗೇ ಮಾಡಿ. ಬರೀ ಡಿಸ್ಟಿಲ್ಡ್ ನೀರನ್ನೂ ಒಮ್ಮೆ ಟೆಸ್ಟ್ ಮಾಡಿ, ಹಳದಿ ಬರಬೇಕು. ಬರದಿದ್ದರೆ ಕಿಟ್ ಅಥವಾ ಕ್ಯಾನ್, ಎರಡರಲ್ಲೊಂದು ಸರಿ ಇಲ್ಲ.

ಇನ್ನೊಂದು: ನೈಟ್ರೈಟ್ ಬೇರೆಯಾಗಿ ನೋಡಿದಿರಾ? ಮೀನಿನ ಹೊಲಸಿನ ಅಮೋನಿಯಾವನ್ನು ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡ್ತವೆ. ನೀರಲ್ಲಿ ನೈಟ್ರೈಟ್ ಇದ್ದರೆ ಈ ಟೆಸ್ಟ್ ಅದನ್ನೂ ಸೇರಿಸಿ ತೋರಿಸುತ್ತೆ.

ಉಣಕಲ್ ದಂಡಿ

ಇಷ್ಟೆಲ್ಲಾ ಯಾಕ್ರೀ ಮೇಷ್ಟ್ರ. ನಾ ಹುಬ್ಬಳ್ಳಿಯೊಳಗ ಭಾಳ ವರ್ಷದಿಂದ ಮೀನ ಸಾಕೇನಿ. ನೈಟ್ರೇಟ್‌ನಿಂದ ಸತ್ತ ಮೀನ ಒಂದೂ ನೋಡಿಲ್ಲ. ಸಾಯೂದು ಅಮೋನಿಯಾದಿಂದ, ನೈಟ್ರೈಟ್‌ನಿಂದ, ಇಲ್ಲಾ ಉಸಿರಿಲ್ದ. ಹೊಸಬ್ರು ಕೆಂಪು ಬಣ್ಣ ನೋಡಿ ಹೆದರಿ ದಿನಾ ನೀರು ಹೊಡೀತಾರ, ಅದರಿಂದನ ಮೀನ ಸೊರಗ್ತಾವ.

ಇವರ ಕೊಯಿ ನಸುಕಿನ್ಯಾಗ ಬಾಯಿ ಬಿಡಾಕತ್ತಾವ ಅಂದ್ರ ಅದು ನೈಟ್ರೇಟ್ ಅಲ್ರೀ, ಆಕ್ಸಿಜನ್. ಹಸಿರು ನೀರು ಹಗಲೊತ್ತಿನ್ಯಾಗ ಆಕ್ಸಿಜನ್ ಕೊಡ್ತೈತಿ, ರಾತ್ರಿ ಅದಽ ಪಾಚಿ ಉಸಿರಾಡಿ ಎಲ್ಲಾ ತಿಂದ ಬಿಡ್ತೈತಿ. ಬೆಳಕ ಹರಿಯೂ ಮುಂದ ತಳಾ ಮುಟ್ಟಿರ್ತೈತಿ. ಮೊದಲ ರಾತ್ರಿ ಏರ್ ಪಂಪ್ ಹಚ್ರಿ. ಟೆಸ್ಟ್ ಆಮೇಲೆ ಮಾಡ್ರಿ.

ಲ್ಯಾಬ್‌ಮೇಷ್ಟ್ರು

ಬಾಯಿ ಬಿಡೋ ವಿಚಾರದಲ್ಲಿ ನಿಮ್ಮ ಮಾತಿಗೆ ನನ್ನ ಸಹಿ. ನಂದಿತಪ್ಪಲು ಅವರೇ, ಏರ್ ಪಂಪ್ ಇವತ್ತೇ ಹಾಕಿ. ಕರೆಂಟ್ ಹೋದರೂ ನಡೆಯೋ ಹಾಗೆ ಬ್ಯಾಟರಿಯದ್ದು ಒಂದು ಇದ್ದರೆ ಒಳ್ಳೆಯದು.

ಆದರೆ ನೈಟ್ರೇಟ್ ಲೆಕ್ಕಕ್ಕೇ ಇಲ್ಲ ಅನ್ನೋದನ್ನ ಒಪ್ಪಲ್ಲ. ದೊಡ್ಡ ಮೀನು ತಡ್ಕೊಳ್ಳುತ್ತೆ ನಿಜ. ಮರಿ, ಸಿಗಡಿ ಅಷ್ಟು ತಡೆಯಲ್ಲ. ಅದಕ್ಕಿಂತ ಮುಖ್ಯ, ನೈಟ್ರೇಟ್ ಅಂದರೆ ಕೊಳದ ಜಮಾಖರ್ಚಿನ ಪುಸ್ತಕ. ಎಷ್ಟು ತಿನಿಸು ಒಳಗೆ ಹೋಯ್ತು, ಎಷ್ಟು ಹೊರಗೆ ಹೋಗಲಿಲ್ಲ ಅಂತ ಅದು ಬರೆದಿಡುತ್ತೆ. ಗಾಜಿನ ಟ್ಯಾಂಕಲ್ಲಿ 20–40ರ ಒಳಗಿದ್ದರೆ ನಾನು ತಲೆ ಕೆಡಿಸಿಕೊಳ್ಳಲ್ಲ. ತಿಂಗಳಿಂದ ತಿಂಗಳಿಗೆ ಏರ್ತಾ ಹೋದರೆ ಕಾರಣ ಹುಡುಕ್ತೀನಿ.

ಹೊಸ ಮೀನುಗಾರ

ಮಧ್ಯೆ ಬಾಯಿ ಹಾಕ್ತಿದೀನಿ ಕ್ಷಮಿಸಿ. ನನ್ನ ಹತ್ರ ಟಿಡಿಎಸ್ ಪೆನ್ ಇದೆ. ಅದರಲ್ಲೇ ನೈಟ್ರೇಟ್ ಗೊತ್ತಾಗಲ್ವಾ? ಇಲ್ಲಾಂದ್ರೆ ಪಟ್ಟಿ ಅದ್ದಿ ನೋಡೋ ಸ್ಟ್ರಿಪ್ ಸಾಕಾ?

ಗಪ್ಪಿಗೌಡ

ಟಿಡಿಎಸ್ ಪೆನ್‌ನಿಂದ ಆಗಲ್ಲ ಗುರೂ. ಉಪ್ಪು, ಸುಣ್ಣ, ನೈಟ್ರೇಟ್ ಎಲ್ಲಾ ಸೇರಿಸಿ ಒಂದೇ ನಂಬರ್ ಹೇಳುತ್ತೆ ಅದು. ಟಿಡಿಎಸ್ 150 ಇದ್ದು ನೈಟ್ರೇಟ್ 50 ಇರಬಹುದು, ಟಿಡಿಎಸ್ 900 ಇದ್ದು ನೈಟ್ರೇಟ್ 5 ಇರಬಹುದು. ಸ್ಟ್ರಿಪ್ ಏರಿದೆಯಾ ಇಳಿದಿದೆಯಾ ಅಂತ ನೋಡೋಕೆ ಪರವಾಗಿಲ್ಲ. ನಮ್ಮೂರಿನ ಮಳೆಗಾಲದಲ್ಲಿ ಡಬ್ಬಿ ಮುಚ್ಚಳ ಸ್ವಲ್ಪ ಸಡಿಲ ಬಿಟ್ಟರೂ ಕೆಟ್ಟುಹೋಗುತ್ತೆ.

ಥೇಮ್ಸ್ ದಂಡೆ

ಇಂಗ್ಲೆಂಡಿನಿಂದ ಒಂದು ಮಾತು ಸೇರಿಸ್ತೀನಿ. ಇಲ್ಲಿ ನೀರಿನ ಕಂಪನಿಯ ಜಾಲತಾಣದಲ್ಲಿ ನಮ್ಮ ಪೋಸ್ಟ್‌ಕೋಡ್ ಹಾಕಿದರೆ ನಲ್ಲಿ ನೀರಿನ ನೈಟ್ರೇಟ್ ಎಷ್ಟು ಅಂತ ಸಿಗುತ್ತೆ. ಸುತ್ತ ಗೋಧಿ ಹೊಲಗಳಿರೋ ನಮ್ಮ ಊರಲ್ಲಿ ಅದು 30ರ ಮೇಲೇ ಇರುತ್ತೆ, ಕಾನೂನಿನ ಮಿತಿ 50. ಟ್ಯಾಂಕಿನ ನೈಟ್ರೇಟನ್ನು 20ಕ್ಕೆ ಇಳಿಸ್ತೀನಿ ಅಂತ ನಲ್ಲಿ ನೀರು ಬದಲಾಯಿಸ್ತಾ ಕೂತರೆ ಜನ್ಮದಲ್ಲಿ ಆಗಲ್ಲ.

ವರದಿ ಓದುವಾಗ ಒಂದು ಎಚ್ಚರಿಕೆ. ಕೆಲವು ಲ್ಯಾಬ್‌ಗಳು, ಕೆಲವು ಡಿಜಿಟಲ್ ಮೀಟರ್‌ಗಳು “ನೈಟ್ರೇಟ್-ನೈಟ್ರೋಜನ್” ಅಂತ, ಅಂದರೆ ನೈಟ್ರೇಟ್‌ನೊಳಗಿನ ನೈಟ್ರೋಜನ್ ತೂಕ ಮಾತ್ರ ಕೊಡ್ತವೆ. ಅದನ್ನು 4.43ರಿಂದ ಗುಣಿಸಿದರೆ ನಮ್ಮ ಕಿಟ್ ತೋರಿಸೋ ನೈಟ್ರೇಟ್ ಸಿಗುತ್ತೆ. ಅಮೆರಿಕದ ಕುಡಿಯೋ ನೀರಿನ ಮಿತಿ 10, ಭಾರತದ್ದು 45 ಅಂತ ನೋಡಿ ನಮ್ಮವರು ಸಡಿಲ ಅಂದುಕೊಂಡುಬಿಡ್ತಾರೆ. ಎರಡೂ ಹೆಚ್ಚುಕಮ್ಮಿ ಒಂದೇ, ಅಳತೆ ಬೇರೆ ಅಷ್ಟೇ.

ನಂದಿತಪ್ಪಲು

ಮೇಷ್ಟ್ರು ಹೇಳಿದ ಹಾಗೇ ಮಾಡಿದೆ. ಡಿಸ್ಟಿಲ್ಡ್ ನೀರು ಹಳದಿ ಬಂತು.

ಕೊಳ: ತೆಳು ಮಾಡಿದ್ದು 20ರ ಬಣ್ಣ, ಅಂದರೆ 100.
ಬೋರ್‌ವೆಲ್: 10ಕ್ಕೂ 20ಕ್ಕೂ ನಡುವೆ. 70 ಅಂತ ಇಟ್ಟುಕೊಂಡಿದೀನಿ.
ಒಳಗಿನ ಟ್ಯಾಂಕು: ಅದೂ 100ರ ಹತ್ತಿರ.
ನೈಟ್ರೈಟ್ ಎಲ್ಲದರಲ್ಲೂ ಸೊನ್ನೆ, ಅಮೋನಿಯಾ ಸೊನ್ನೆ.

ಏರ್ ಪಂಪ್ ಹಾಕಿದೆ. ಬೆಳಿಗ್ಗೆ ಎದ್ದು ನೋಡಿದರೆ ಒಂದೂ ಮೇಲೆ ಬಂದಿರಲಿಲ್ಲ. ಹುಬ್ಬಳ್ಳಿ ಅಣ್ಣಂಗೆ ಥ್ಯಾಂಕ್ಸ್.

ಲ್ಯಾಬ್‌ಮೇಷ್ಟ್ರು

ಉತ್ತರ ಅಲ್ಲೇ ಇದೆ ನೋಡಿ. 100 ಇರೋ ನೀರನ್ನು ಅರ್ಧ ತೆಗೆದು 70 ಇರೋ ನೀರು ತುಂಬಿದರೆ ಸಿಗೋದು 85. ಚಾರ್ಟಿನಲ್ಲಿ 100ಕ್ಕೂ 85ಕ್ಕೂ ಒಂದೇ ಕೆಂಪು. ಹತ್ತು ಸಲ ಬದಲಾಯಿಸಿದರೂ 70ಕ್ಕಿಂತ ಕೆಳಗೆ ಇಳಿಯಲ್ಲ.

ಒಳಗಿನ ಟ್ಯಾಂಕಿಗೆ ಒಂದು ಲೆಕ್ಕ ಹೇಳ್ತೀನಿ, ಎಲ್ಲರಿಗೂ ಉಪಯೋಗ. ವಾರಕ್ಕೆ ಎಷ್ಟು ನೈಟ್ರೇಟ್ ಏರುತ್ತೆ ಅನ್ನೋದನ್ನು, ವಾರಕ್ಕೆ ಎಷ್ಟು ಪಾಲು ನೀರು ಬದಲಾಯಿಸ್ತೀರಿ ಅನ್ನೋದರಿಂದ ಭಾಗಿಸಿ. ವಾರಕ್ಕೆ 10 ಏರುತ್ತೆ, ಕಾಲು ಭಾಗ ನೀರು ಬದಲಾಯಿಸ್ತೀರಿ ಅಂದರೆ 40. ನೀರು ಬದಲಾಯಿಸೋ ಮುಂಚಿನ ರೀಡಿಂಗ್ ಕೊನೆಗೆ ಹೋಗಿ ನಿಲ್ಲೋದು ನಿಮ್ಮ ಮೂಲ ನೀರಿಗಿಂತ 40 ಮೇಲೆ. ಅರ್ಧ ಬದಲಾಯಿಸಿದರೆ 20 ಮೇಲೆ. ನಿಮ್ಮ ಮೂಲವೇ 70 ಆದ್ದರಿಂದ ಟ್ಯಾಂಕು 100ರ ಹತ್ತಿರ ಕೂತಿರೋದು ಸಹಜ.

ಮನಿಪ್ಲಾಂಟ್

ಒಂದು ಪ್ರಶ್ನೆ ಸರ್. ಬೇಸಿಗೆಯಲ್ಲಿ ಕೊಳದ ನೀರು ಇಂಗುತ್ತಲ್ಲ, ಅದಕ್ಕೆ ಏನು ತುಂಬಿಸ್ತೀರಿ? ಮನೇಲಿ ಆರ್‌ಓ ಫಿಲ್ಟರ್ ಇದೆಯಾ? ಅದರ ವೇಸ್ಟ್ ನೀರಿನ ಪೈಪ್ ಎಲ್ಲಿಗೆ ಹೋಗುತ್ತೆ?

ನಂದಿತಪ್ಪಲು

ಇದೆ ಮೇಡಂ. ನೀರು ವ್ಯರ್ಥ ಆಗಬಾರದು ಅಂತ ನಮ್ಮಪ್ಪ ಅಡುಗೆಮನೆ ಕಿಟಕಿಯಿಂದ ಪೈಪ್ ಎಳೆದು ಕೊಳಕ್ಕೇ ಬಿಟ್ಟಿದಾರೆ. ಕೊಳ ಅದರಿಂದಲೇ ತುಂಬ್ತಾ ಇರುತ್ತೆ.

ಮನಿಪ್ಲಾಂಟ್

ಅನುಮಾನ ಬಂದೇ ಕೇಳಿದೆ. ಬೆಂಗಳೂರಲ್ಲೂ ಬೋರ್ ನೀರಿನ ಮನೆಗಳಲ್ಲಿ ಇದನ್ನೇ ಮಾಡ್ತಾರೆ. ಆರ್‌ಓ ನೈಟ್ರೇಟನ್ನು ನಾಶ ಮಾಡಲ್ಲ, ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ತಳ್ಳುತ್ತೆ. ಕುಡಿಯೋ ಕಡೆ ತೆಗೆದದ್ದೆಲ್ಲ ವೇಸ್ಟ್ ಪೈಪಿನಲ್ಲಿರುತ್ತೆ. ಮೂರು ಲೀಟರ್ ಬೋರ್ ನೀರಿಗೆ ಒಂದು ಲೀಟರ್ ಕುಡಿಯೋ ನೀರು, ಅದರಲ್ಲಿ ನೈಟ್ರೇಟ್ 7 ಅಂತ ಇಟ್ಟುಕೊಳ್ಳಿ. ಆಗ ಮಿಕ್ಕ ಎರಡು ಲೀಟರಿನಲ್ಲಿ 100ರ ಮೇಲೆ ಬರುತ್ತೆ. ನಿಮ್ಮ ಕೊಳದ ರೀಡಿಂಗ್‌ಗೆ ಎಷ್ಟು ಹತ್ತಿರ ನೋಡಿ!

ಸಾಲದ್ದಕ್ಕೆ ಬಿಸಿಲಿಗೆ ಆವಿಯಾಗೋದು ಬರೀ ನೀರು, ನೈಟ್ರೇಟ್ ಕೊಳದಲ್ಲೇ ಉಳಿಯುತ್ತೆ. ಏನೂ ತೆಗೆಯದೆ ತುಂಬಿಸ್ತಾ ಹೋದರೆ ಮಾರ್ಚ್‌ನಿಂದ ಮೇ ತನಕ ಏರ್ತಾನೇ ಇರುತ್ತೆ. ಆ ಪೈಪನ್ನ ಬಾಳೆಗೋ ತೆಂಗಿಗೋ ತಿರುಗಿಸಿ. ಕುಂಡದ ಗಿಡಕ್ಕೆ ದಿನಾ ಬೇಡ, ಉಪ್ಪು ಕೂತುಕೊಳ್ಳುತ್ತೆ.

ಉಣಕಲ್ ದಂಡಿ

ಅಯ್ಯ, ಇದು ನನಗೂ ಹೊಳೆದಿರ್ಲಿಲ್ಲ ನೋಡ್ರಿ ಅಕ್ಕಾರ. ಶಭಾಷ್.

ಆದ್ರ ತಿನಿಸಿಂದೂ ಕೇಳ್ರಿ. ಐದು ಕೊಯಿಗೆ ಎಷ್ಟು ಹಾಕ್ತೀರಿ?

ನಂದಿತಪ್ಪಲು

ಬೆಳಿಗ್ಗೆ ಸಂಜೆ ಒಂದೊಂದು ಹಿಡಿ. ಮಕ್ಕಳು ಮಧ್ಯೆ ಹಾಕಿದ್ದು ಗೊತ್ತಿಲ್ಲ. ಅಡುಗೆಮನೆ ತಕ್ಕಡೀಲಿ ತೂಗಿ ನೋಡಿದೆ, ದಿನಕ್ಕೆ 30 ಗ್ರಾಂ ಆಗುತ್ತೆ. ಪ್ಯಾಕೆಟ್ ಮೇಲೆ ಪ್ರೋಟೀನ್ 40% ಅಂತಿದೆ.

ಲ್ಯಾಬ್‌ಮೇಷ್ಟ್ರು

ತೂಗಿದ್ದು ಒಳ್ಳೇದಾಯ್ತು. 30 ಗ್ರಾಂನಲ್ಲಿ 12 ಗ್ರಾಂ ಪ್ರೋಟೀನ್. ಪ್ರೋಟೀನಿನ 16% ನೈಟ್ರೋಜನ್, ಅಂದರೆ 1.92 ಗ್ರಾಂ. ಅದಷ್ಟೂ ಕೊನೆಗೆ ನೈಟ್ರೇಟ್ ಆದರೆ 8.5 ಗ್ರಾಂ. 3000 ಲೀಟರಿಗೆ ಹಂಚಿದರೆ ದಿನಕ್ಕೆ ಲೀಟರಿಗೆ 2.8 ಮಿಲಿಗ್ರಾಂ, ತಿಂಗಳಿಗೆ 80ರ ಮೇಲೆ.

ಅಷ್ಟೂ ನೀರಲ್ಲಿ ಉಳಿಯಲ್ಲ. ಸ್ವಲ್ಪ ಮೀನಿನ ಮೈಗೆ ಹೋಗುತ್ತೆ, ಸ್ವಲ್ಪ ತಳದ ಕೆಸರಿಗೆ, ಬಹಳಷ್ಟು ಆ ಹಸಿರು ಪಾಚಿಗೆ. ಅದಕ್ಕೇ ಹೇಳೋದು, ಪಾಚಿ ಕೊಲ್ಲೋ ಔಷಧಿ ಅಥವಾ ಯುವಿ ದೀಪ ಹಾಕಿ ನೀರು ತಿಳಿ ಮಾಡಿದ ತಕ್ಷಣ ನೈಟ್ರೇಟ್ ಇಳಿದೇಬಿಡ್ತು ಅಂದುಕೊಳ್ಳಬೇಡಿ. ತಿನ್ನುತ್ತಿದ್ದ ಪಾಚಿ ಸತ್ತು ಕೊಳೆತು ಏರಲೂಬಹುದು. ಆ ಜಾಗಕ್ಕೆ ಬೇರೆ ಗಿಡ ಬಂದ ಮೇಲೆ ಪಾಚಿಯ ಮೇಲೆ ಕೈ ಹಾಕಿ.

ತಿನಿಸು ಸದ್ಯಕ್ಕೆ ಅರ್ಧ ಮಾಡಿ. ಹಾಕಿದ್ದು ಎರಡು ಮೂರು ನಿಮಿಷದಲ್ಲಿ ಖಾಲಿಯಾಗಬೇಕು.

ಕುಡ್ಲದ ಬಾವಿ

ಯಾವ ಗಿಡ ಹಾಕಬೇಕು ಅಂತ ಹೇಳಿ ಮಾರಾಯ್ರೆ, ಎಲ್ಲರೂ ಲೆಕ್ಕವೇ ಮಾಡ್ತಾ ಕೂತರೆ ಹೇಗೆ.

ಮನಿಪ್ಲಾಂಟ್

ನನ್ನ ಹೆಸರೇ ಉತ್ತರ! ಒಳಗಿನ ಟ್ಯಾಂಕಿಗೆ ಮನಿಪ್ಲಾಂಟ್ ಬಳ್ಳಿಯ ಬೇರು ಮಾತ್ರ ನೀರಲ್ಲಿ, ಎಲೆ ಹೊರಗೆ. ಗಾಳಿಯಲ್ಲಿರೋ ಎಲೆಗೆ ಇಂಗಾಲದ ಡೈಆಕ್ಸೈಡ್ ಬೇಕಾದಷ್ಟು ಸಿಗೋದರಿಂದ ನೀರೊಳಗಿನ ಗಿಡಕ್ಕಿಂತ ಬೇಗ ಬೆಳೆಯುತ್ತೆ, ಬೆಳೆದಷ್ಟೂ ನೈಟ್ರೇಟ್ ಎಳೆಯುತ್ತೆ. ಹೊರಗಿನ ಕೊಳಕ್ಕೆ ಕಾಬಾಳೆ, ಬಜೆ. ನಮ್ಮಲ್ಲಿ ಹಳೇ ಪ್ಲಾಸ್ಟಿಕ್ ಟಬ್‌ನಲ್ಲಿ ಜಲ್ಲಿ ತುಂಬಿ ಕಾಬಾಳೆ ಗೆಡ್ಡೆ ನೆಟ್ಟಿದೀನಿ. ಪಂಪಿನ ನೀರು ಟಬ್ಬಿನ ತಳದಿಂದ ಹೋಗಿ ಮೇಲಿಂದ ಕೊಳಕ್ಕೆ ಬೀಳುತ್ತೆ. ಮಣ್ಣು ಹಾಕಬೇಡಿ, ಗೊಬ್ಬರ ಅಂತೂ ಬೇಡವೇ ಬೇಡ. ಕೊಯಿ ಬೇರು ಕೀಳ್ತವೆ, ಅದಕ್ಕೇ ಟಬ್ ಕೊಳದ ಹೊರಗೆ ಇರೋದು ವಾಸಿ.

ಒಂದು ಮಾತು ಬಹಳ ಜನ ಮರೀತಾರೆ. ಗಿಡವನ್ನು ಕತ್ತರಿಸಿ ಕೊಳದಿಂದ ಆಚೆ ತೆಗೆದಾಗಲೇ ನೈಟ್ರೋಜನ್ ಹೊರಗೆ ಹೋದ ಹಾಗೆ. ಒಣಗಿದ ಎಲೆ ನೀರಿಗೇ ಬಿದ್ದು ಕೊಳೆತರೆ ವಾಪಸ್ ಅಲ್ಲಿಗೇ ಬರುತ್ತೆ. ಕತ್ತರಿಸಿದ್ದನ್ನು ಕಾಂಪೋಸ್ಟ್ ಗುಂಡಿಗೆ ಹಾಕಿ. ತೇಲೋ ಅಂತರಗಂಗೆ ಚೆನ್ನಾಗಿ ಎಳೆಯುತ್ತೆ, ಆದರೆ ಹೆಚ್ಚಾದದ್ದನ್ನು ಕೆರೆಗೆ ಎಸೀಬೇಡಿ ದಯವಿಟ್ಟು. ನಮ್ಮ ಕೆರೆಗಳಿಗೆ ಇರೋ ಕಾಟವೇ ಸಾಕು.

ಕುಡ್ಲದ ಬಾವಿ

ನಮ್ಮಲ್ಲಿ ಕಥೆ ಉಲ್ಟಾ. ಮುರಕಲ್ಲಿನ ಬಾವಿ, ನೈಟ್ರೇಟ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆದರೆ ನೀರು ತುಂಬಾ ಮೆದು, ಪಿಎಚ್ 6ರ ಹತ್ತಿರ. ನಮ್ಮ ಟ್ಯಾಂಕಿನಲ್ಲಿ ನೈಟ್ರೇಟ್ ಏರ್ತಾ ಹೋದ ಹಾಗೆ ಪಿಎಚ್ ಇನ್ನೂ ಕೆಳಗೆ ಕುಸಿಯುತ್ತದೆ. ಯಾಕೆ ಹಾಗೆ?

ಲ್ಯಾಬ್‌ಮೇಷ್ಟ್ರು

ಅಮೋನಿಯಾ ನೈಟ್ರೇಟ್ ಆಗುವಾಗ ಆಮ್ಲ ಹುಟ್ಟುತ್ತೆ. 1 ಮಿಲಿಗ್ರಾಂ ಅಮೋನಿಯಾ-ನೈಟ್ರೋಜನ್‌ಗೆ ಸುಮಾರು 7 ಮಿಲಿಗ್ರಾಂ ಕ್ಷಾರತೆ (ಆಮ್ಲವನ್ನು ತಡೆಯೋ ನೀರಿನ ಶಕ್ತಿ) ಖರ್ಚಾಗುತ್ತೆ. ಚಿಕ್ಕಬಳ್ಳಾಪುರದ ಗಡಸು ನೀರಿನಲ್ಲಿ ಆ ದಾಸ್ತಾನು ಬೇಕಾದಷ್ಟಿದೆ, ಕರಾವಳಿಯ ಬಾವಿ ನೀರಿನಲ್ಲಿ ಇಲ್ಲ. ಕ್ಷಾರತೆ ಮುಗಿದ ಮೇಲೆ ಪಿಎಚ್ ಕುಸಿಯುತ್ತೆ, ಬ್ಯಾಕ್ಟೀರಿಯಾ ಕೆಲಸ ನಿಧಾನ ಮಾಡ್ತವೆ, ಅಮೋನಿಯಾ ಹಾಗೇ ಉಳಿಯುತ್ತೆ. ಪಿಎಚ್ ಕಡಿಮೆ ಇರೋ ತನಕ ಅದು ಅಷ್ಟು ವಿಷವಲ್ಲ. ನೀವು ಗಾಬರಿಯಾಗಿ ಹೆಚ್ಚು ಪಿಎಚ್ ಇರೋ ಹೊಸ ನೀರನ್ನು ಒಂದೇ ಸಲ ಸುರಿದಿರೋ, ಅದೇ ಅಮೋನಿಯಾ ವಿಷವಾಗಿ ತಿರುಗಿ ಸಂಜೆಯೊಳಗೆ ಮೀನು ತೇಲ್ತವೆ. ಜನ ನೀರಿನ ಮೇಲೆ ತಪ್ಪು ಹೊರಿಸ್ತಾರೆ. ಫಿಲ್ಟರಿನಲ್ಲಿ ಒಂದು ಚೀಲ ಮರುವಾಯಿ ಚಿಪ್ಪು (ಕಪ್ಪೆಚಿಪ್ಪು) ತೊಳೆದು ಇಡಿ, ನಿಧಾನಕ್ಕೆ ಕರಗಿ ಕ್ಷಾರತೆ ಕೊಡುತ್ತೆ. ವಾರ ವಾರ ಸ್ವಲ್ಪ ಸ್ವಲ್ಪ ನೀರು ಬದಲಾಯಿಸಿ.

ಕುಡ್ಲದ ಬಾವಿ

ಮರುವಾಯಿ ಚಿಪ್ಪು ನಮ್ಮಲ್ಲಿ ರಾಶಿ ಉಂಟು. ಭಾನುವಾರದ ಸುಕ್ಕದ ನಂತರ ಎತ್ತಿಟ್ಟರಾಯ್ತು.

ಗಪ್ಪಿಗೌಡ

ಮಸಾಲೆ ಹೋಗೋ ತನಕ ಕುದಿಸಿ ತೊಳೀರಿ ಮತ್ತೆ!

ನಂದಿತಪ್ಪಲು ಅವರೇ, ಮೀನಿನ ವಿಷಯ ಒಂದ್ಕಡೆ ಇರಲಿ. ಬೋರ್ ನೀರು 70 ಅಂದ್ರಲ್ಲ, ಮನೇಲಿ ಚಿಕ್ಕ ಮಗು ಇದೆಯಾ?

ನಂದಿತಪ್ಪಲು

ತಂಗಿ ಬಾಣಂತನಕ್ಕೆ ಬರ್ತಾಳೆ ಬರೋ ತಿಂಗಳು. ಯಾಕೆ?

ಲ್ಯಾಬ್‌ಮೇಷ್ಟ್ರು

ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯೋ ನೀರಲ್ಲಿ ನೈಟ್ರೇಟ್ 45 ದಾಟಬಾರದು. ದೊಡ್ಡವರಿಗಿಂತ ಹಾಲುಗೂಸಿಗೆ ಅಪಾಯ ಜಾಸ್ತಿ. ಹೊಟ್ಟೆಯಲ್ಲಿ ಅದು ನೈಟ್ರೈಟ್ ಆಗಿ, ರಕ್ತ ಆಕ್ಸಿಜನ್ ಒಯ್ಯೋ ಶಕ್ತಿಯನ್ನ ಕುಗ್ಗಿಸುತ್ತೆ, ಮಗು ನೀಲಿಗಟ್ಟುತ್ತೆ. ನೈಟ್ರೈಟ್ ಏರಿದಾಗ ಮೀನಿನ ರಕ್ತ ಕಂದಾಗೋದೂ ಇದೇ ರೀತಿ. ಎದೆಹಾಲು ಕುಡಿಯೋ ಕೂಸಿಗೆ ಈ ಭಯ ಇಲ್ಲ. ಪುಡಿ ಹಾಲು ಕಲಸೋ ಸಂದರ್ಭ ಬಂದರೆ ಬೋರ್ ನೀರು ಮುಟ್ಟಬೇಡಿ. ಕುದಿಸಿದರೆ ಹೋಗುತ್ತೆ ಅನ್ನೋದು ಸುಳ್ಳು, ನೀರು ಆವಿಯಾಗಿ ನೈಟ್ರೇಟ್ ಇನ್ನೂ ಗಟ್ಟಿಯಾಗುತ್ತೆ.

ಮೀನಿನ ಕಿಟ್ ನಂಬಿ ಮಗುವಿನ ವಿಷಯ ತೀರ್ಮಾನ ಮಾಡಬೇಡಿ. ಜಲ ಜೀವನ್ ಮಿಷನ್ ಅಡಿಯ ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಸಾರ್ವಜನಿಕರೂ ಅಲ್ಪ ಶುಲ್ಕ ಕಟ್ಟಿ ನೀರು ಕೊಡಬಹುದು. ಬೋರ್ ನೀರು, ನಿಮ್ಮ ಆರ್‌ಓ ನೀರು ಎರಡನ್ನೂ ಕೊಡಿ. ಮೆಂಬ್ರೇನ್ ಹಳೆಯದಾಗಿದ್ದರೆ ನೈಟ್ರೇಟ್ ದಾಟಿಬಂದುಬಿಡುತ್ತೆ.

ಗಪ್ಪಿಗೌಡ

ಇವರೊಬ್ಬರ ಮನೆ ಕಥೆ ಅಲ್ಲ ಇದು. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದೀಲಿ ಕರ್ನಾಟಕದ ಹೆಚ್ಚುಕಮ್ಮಿ ಅರ್ಧದಷ್ಟು ಮಾದರಿಗಳು 45 ದಾಟಿದ್ವು. ಯೂರಿಯಾ, ತಿಪ್ಪೆ, ಶೌಚದ ಗುಂಡಿ, ಎಲ್ಲಾ ಕೆಳಗಿಳಿದು ಸೇರೋದು ಅಲ್ಲಿಗೇ.

ನಂದಿತಪ್ಪಲು

ನಿನ್ನೆ ಎರಡು ಬಾಟಲಿ ಕೊಟ್ಟು ಬಂದೆ, ವರದಿ ಬರಬೇಕು. ಆರ್‌ಓ ಪೈಪನ್ನ ತೆಂಗಿನ ಬುಡಕ್ಕೆ ತಿರುಗಿಸಿದ್ವಿ. ಅಪ್ಪ ಮೊದಲು ಒಪ್ಪಲಿಲ್ಲ. ಪೈಪಿನ ನೀರನ್ನೇ ಟೆಸ್ಟ್ ಮಾಡಿ ನಳಿಕೆಯನ್ನ ಅವರ ಕೈಗೆ ಕೊಟ್ಟೆ, ಮಾತಾಡದೆ ಸ್ಪ್ಯಾನರ್ ತಂದರು.

ಈಗ ಕೊಳಕ್ಕೆ ಯಾವ ನೀರು ಹಾಕಲಿ? ಚಾವಣಿಯ ಮಳೆ ನೀರು ಸಂಪ್ ಟ್ಯಾಂಕಿಗೆ ಹೋಗುತ್ತೆ ನಮ್ಮಲ್ಲಿ.

ಲ್ಯಾಬ್‌ಮೇಷ್ಟ್ರು

ಮಳೆ ನೀರಿಗಿಂತ ಒಳ್ಳೆಯದು ಬೇಕಾ? ನೈಟ್ರೇಟ್ ಇಲ್ಲ ಅನ್ನುವಷ್ಟು ಕಡಿಮೆ. ಮೊದಲ ಮಳೆಯ ಧೂಳು, ಹಕ್ಕಿ ಹಿಕ್ಕೆ ಹೊರಗೆ ಹೋಗೋಕೆ ಬಿಡಿ. ಪೂರ್ತಿ ಮಳೆ ನೀರೇ ಬೇಡ, ಅದರಲ್ಲಿ ಕ್ಷಾರತೆ ಇಲ್ಲ. ಎರಡು ಪಾಲು ಮಳೆ ನೀರು, ಒಂದು ಪಾಲು ಬೋರ್ ಸೇರಿಸಿದರೆ ನೈಟ್ರೇಟ್ 23ರ ಸುತ್ತ ಬರುತ್ತೆ, ಗಡಸೂ ಸಾಕಷ್ಟಿರುತ್ತೆ. ಒಳಗಿನ ಟ್ಯಾಂಕಿಗೆ ಅರ್ಧ ಆರ್‌ಓ, ಅರ್ಧ ಬೋರ್, 40ರ ಒಳಗೆ ಬರುತ್ತೆ.

ಅವಸರ ಬೇಡ. 100ಕ್ಕೆ ಒಗ್ಗಿದ ಮೀನನ್ನು ಒಂದೇ ದಿನದಲ್ಲಿ 25ಕ್ಕೆ ಇಳಿಸಬಾರದು. ಒಂದು ಸಲಕ್ಕೆ ಹತ್ತು ಹದಿನೈದು ಪರ್ಸೆಂಟ್, ಎರಡು ಮೂರು ದಿನ ಬಿಟ್ಟು ಮತ್ತೆ. ತಳದ ಕೆಸರನ್ನೂ ಒಂದು ಮೂಲೆಯಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ಪೈಪಿನಲ್ಲಿ ಎಳೆದು ತೆಗೀರಿ. ಕೊಳೆತ ಮೊಟ್ಟೆ ವಾಸನೆ ಬಂದರೆ ಕೆದಕೋದು ನಿಲ್ಲಿಸಿ.

ಉಣಕಲ್ ದಂಡಿ

ಫಿಲ್ಟರಿನ ಸ್ಪಂಜ್ ನಲ್ಲಿ ಕೆಳಗ ಹಿಡದು ತೊಳೀಬ್ಯಾಡ್ರಿ, ಕ್ಲೋರಿನ್ ಇದ್ರ ಬ್ಯಾಕ್ಟೀರಿಯಾ ಸತ್ತ ಹೋಗ್ತಾವ. ತೆಗದ ಕೊಳದ ನೀರನ್ಯಾಗ ಹಿಂಡಿ ಮತ್ತ ಇಡ್ರಿ. ಆ ಹಳೇ ನೀರು ಗಿಡಕ್ಕ ಹಾಕ್ರಿ, ಟೊಮೇಟೊ ಜಗ್ಗಿ ಬರ್ತಾವ.

ಹೊಸ ಮೀನುಗಾರ

ಹಂಗಾದ್ರೆ ಆ ಸಾವಿರ ರೂಪಾಯಿ ದ್ರವ?

ಗಪ್ಪಿಗೌಡ

ಆ ದುಡ್ಡಲ್ಲಿ ಇನ್ನೊಂದು ಏರ್ ಪಂಪ್ ಬರುತ್ತೆ.

ನಂದಿತಪ್ಪಲು

ಮನಿಪ್ಲಾಂಟ್ ಮೇಡಂ, ಕಾಬಾಳೆ ಗೆಡ್ಡೆ ನಿಮ್ಮ ಹತ್ರ ಹೆಚ್ಚಿಗೆ ಇದ್ರೆ ಹೇಳಿ. ವಾರದ ಕೊನೆಗೆ ಬೆಂಗಳೂರಿಗೆ ಬರ್ತಿದೀನಿ.

ಮನಿಪ್ಲಾಂಟ್

ಬೇಕಾದಷ್ಟಿದೆ, ಬಜೆಯೂ ಇದೆ. ಚೀಲ ನೀವೇ ತನ್ನಿ. ಹಾಕೋ ಮುಂಚೆ ಬೇರನ್ನ ಚೆನ್ನಾಗಿ ತೊಳ್ಕೊಳ್ಳಿ, ನಮ್ಮ ಕೊಳದಲ್ಲಿ ಬಸವನಹುಳು ಜಾಸ್ತಿ, ಎಲೆ ಕೆಳಗೆ ಮೊಟ್ಟೆ ಅಂಟಿರುತ್ತೆ.